ಬಿಳಿ ಬೋರ್ಡ್‌ನ ದೊಡ್ಡ ಮೋಟಾರ್ ಕ್ಯಾರವಾನ್ ಓಡಿಸಲು ಕಾರಿನ ಡಿಎಲ್ ಸಾಕೇ?

ಬೆಣ್ಣೆನಗರಿಗ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದೊಡ್ಡ ಮೋಟಾರ್ ಕ್ಯಾರವಾನ್ ಒಂದನ್ನು ಕೊಳ್ಳುವ ಆಲೋಚನೆಯಲ್ಲಿದ್ದೇವೆ. ಅದನ್ನು ಓಡಿಸಲು ಬೇಕಾದ ಚಾಲನಾ ಪರವಾನಗಿಯ ಬಗ್ಗೆ ತಿಳಿದವರಿಂದ ಸ್ಪಷ್ಟನೆ ಬೇಕಾಗಿದೆ.

ನಮ್ಮದು ಅಕ್ಕಿ ಗಿರಣಿ ಮತ್ತು ಅಡಿಕೆ ತೋಟ ಎರಡನ್ನೂ ನಡೆಸಿಕೊಂಡು ಬರುತ್ತಿರುವ ಕೂಡು ಕುಟುಂಬ. ತಾಯಿಯವರಿಗೆ ಎಂಬತ್ತು ದಾಟಿದೆ. ಉಳವಿ, ಕೂಡಲಸಂಗಮ, ಶ್ರೀಶೈಲಗಳಿಗೆ ಮತ್ತೊಮ್ಮೆ ಹೋಗಿಬರಬೇಕೆಂಬ ಆಸೆ ಅವರಿಗಿದೆ. ಆದರೆ ಮಂಡಿನೋವಿನಿಂದಾಗಿ ವಸತಿಗೃಹಗಳ ಮೆಟ್ಟಿಲು ಹತ್ತಲಾರರು, ದಾರಿಯುದ್ದಕ್ಕೂ ಶೌಚಾಲಯದ ಚಿಂತೆ ಬೇರೆ. ಹೀಗಾಗಿ ಮಲಗಲು ಹಾಸಿಗೆ, ಶೌಚಾಲಯ, ಸಣ್ಣ ಅಡುಗೆಕಟ್ಟೆ ಇರುವ, ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಒಂದು ಹಳೆಯ ಕ್ಯಾರವಾನ್ ಬೆಂಗಳೂರಿನಲ್ಲಿ ಮಾರಾಟಕ್ಕಿದೆ ಎಂದು ತಿಳಿದು ಹೋಗಿ ನೋಡಿ ಬಂದೆವು. ಬಂಡಿ ಎಲ್ಲರಿಗೂ ಹಿಡಿಸಿದೆ.

ಮಧ್ಯವರ್ತಿಯ ಮಾತು ಮಾತ್ರ ಅನುಮಾನ ತರಿಸಿದೆ. ಇದು ಖಾಸಗಿ ಬಳಕೆಗೆಂದು ನೋಂದಣಿಯಾದ ಬಿಳಿ ಬೋರ್ಡ್ ವಾಹನ, ಆದ್ದರಿಂದ ಕಾರಿನ ಡಿಎಲ್ ಇದ್ದವರು ಯಾರು ಬೇಕಾದರೂ ಓಡಿಸಬಹುದು, ಅಮೆರಿಕದಲ್ಲಿಯೂ ನಿವೃತ್ತರೆಲ್ಲ ಬಸ್ಸಿನಷ್ಟು ದೊಡ್ಡ ಬಂಡಿಗಳನ್ನು ಕಾರಿನ ಲೈಸೆನ್ಸಿನಲ್ಲಿಯೇ ಓಡಿಸುತ್ತಾರೆ ಎಂದು ಅವರು ಹೇಳುತ್ತಾರೆ. ಯೂಟ್ಯೂಬಿನಲ್ಲಿ ನೋಡಿದರೂ ಹಾಗೆಯೇ ಕಾಣುತ್ತದೆ. ನಮ್ಮ ಗಿರಣಿಯ ಲಾರಿ ಚಾಲಕ ಮಾತ್ರ "ಹೆವಿ ಇಲ್ಲದೆ ಸ್ಟೇರಿಂಗ್ ಮುಟ್ಟಬೇಡಿ ಯಜಮಾನ್ರೆ" ಎನ್ನುತ್ತಾನೆ.

ನೋಂದಣಿ ಪತ್ರದಲ್ಲಿ ಇರುವ ವಿವರ ಹೀಗಿದೆ: ವಾಹನದ ವರ್ಗ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್, ಅನ್‌ಲೇಡನ್ ತೂಕ 7,150 ಕೆ.ಜಿ., ಲೇಡನ್ ತೂಕ 9,600 ಕೆ.ಜಿ., ಆಸನ ಸಾಮರ್ಥ್ಯ 8. ಅಣ್ಣನವರಿಗೆ 57 ವರ್ಷ, ನನಗೆ 49. ಇಬ್ಬರ ಬಳಿಯೂ ಬೈಕು ಮತ್ತು ಎಲ್‌ಎಂವಿ ಮಾತ್ರ ಇದೆ. ಅಣ್ಣನ ಮಗನಿಗೆ 19, ಅವನಿಗೂ ಕಾರಿನ ಡಿಎಲ್ ಆಗಿದೆ, ಓಡಿಸುವ ಉತ್ಸಾಹ ಎಲ್ಲರಿಗಿಂತ ಅವನಿಗೇ ಹೆಚ್ಚು. ನಮ್ಮಲ್ಲಿ ಯಾರು ಓಡಿಸಬಹುದು, ಓಡಿಸಲು ಏನು ಮಾಡಬೇಕು? ಟೆಕ್ಸಾಸಿನಲ್ಲಿರುವ ಅಕ್ಕನ ಮಗನ ಬಳಿಗೆ ಅಣ್ಣ ಮುಂದಿನ ಬೇಸಿಗೆಯಲ್ಲಿ ಹೋಗುವವರಿದ್ದಾರೆ. ಅಲ್ಲಿ ಬಾಡಿಗೆಗೆ ಮೋಟಾರ್‌ಹೋಮ್ ಪಡೆದು ಓಡಿಸಬೇಕೆಂದರೆ ಇಲ್ಲಿಂದ ಏನು ಒಯ್ಯಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.


ನಿವೃತ್ತ ಇನ್‌ಸ್ಪೆಕ್ಟರ್, ಚಿತ್ರದುರ್ಗ:

ತಾವು ಆರ್‌ಸಿಯ ಅಂಕಿಗಳನ್ನು ಕೊಟ್ಟಿರುವುದು ಒಳ್ಳೆಯದಾಯಿತು. ಇಂಥ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಬಂಡಿ ಎಷ್ಟು ಉದ್ದವಿದೆ, ಒಳಗೆ ಎಷ್ಟು ಹಾಸಿಗೆಗಳಿವೆ ಎಂದು ವರ್ಣಿಸುತ್ತಾರೆಯೇ ಹೊರತು ಬೇಕಾದ ಎರಡು ಸಾಲುಗಳನ್ನು ಬರೆಯುವುದಿಲ್ಲ. ನಮ್ಮ ದೇಶದಲ್ಲಿ ಪರವಾನಗಿಯ ವರ್ಗವನ್ನು ತೀರ್ಮಾನಿಸುವುದು ತೂಕ, ಆಸನಗಳ ಸಂಖ್ಯೆ ಮತ್ತು ಬಳಕೆ. ಬೋರ್ಡಿನ ಬಣ್ಣವನ್ನು ನೋಡಿ ಡಿಎಲ್ ನಿರ್ಧರಿಸಲಾಗದು.

1988ರ ಮೋಟಾರು ವಾಹನಗಳ ಕಾಯ್ದೆಯ 2ನೇ ಕಲಮಿನ 21ನೇ ಉಪಕಲಮಿನಲ್ಲಿ ಲಘು ಮೋಟಾರು ವಾಹನ, ಅಂದರೆ ಎಲ್‌ಎಂವಿ, ಎಂದರೇನು ಎಂಬ ವಿವರಣೆ ಇದೆ. ಮಿತಿ 7,500 ಕೆ.ಜಿ. ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಆ 7,500 ಯಾವ ತೂಕ ಎಂಬಲ್ಲಿ ಜನ ಎಡವುತ್ತಾರೆ. ಸಾರಿಗೆ ವಾಹನ ಅಥವಾ ಆಮ್ನಿಬಸ್ ಆಗಿದ್ದರೆ ಒಟ್ಟು ತೂಕವನ್ನು, ಅಂದರೆ ಆರ್‌ಸಿಯ ಲೇಡನ್ ತೂಕವನ್ನು, ನೋಡಬೇಕು. ಮೋಟಾರು ಕಾರು, ಟ್ರ್ಯಾಕ್ಟರ್ ಅಥವಾ ರೋಡ್ ರೋಲರ್ ಆಗಿದ್ದರೆ ಖಾಲಿ ತೂಕವನ್ನು, ಅಂದರೆ ಅನ್‌ಲೇಡನ್ ತೂಕವನ್ನು, ನೋಡಬೇಕು. ತಮ್ಮ ಬಂಡಿಯ ಒಂದು ತೂಕ ಮಿತಿಯ ಕೆಳಗೂ ಇನ್ನೊಂದು ಮಿತಿಯ ಮೇಲೂ ಇರುವುದರಿಂದ, ಅದು ಕಾಯ್ದೆಯ ದೃಷ್ಟಿಯಲ್ಲಿ ಕಾರೋ ಆಮ್ನಿಬಸ್ಸೋ ಎಂಬುದನ್ನು ಮೊದಲು ಬಗೆಹರಿಸಿಕೊಳ್ಳಬೇಕು.

ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನರನ್ನು ಒಯ್ಯುವಂತೆ ಕಟ್ಟಿದ ಅಥವಾ ಮಾರ್ಪಡಿಸಿದ ಮೋಟಾರು ವಾಹನವೇ ಆಮ್ನಿಬಸ್. ಸಾರಿಗೆ ವಾಹನ, ಆಮ್ನಿಬಸ್, ರೋಡ್ ರೋಲರ್, ಟ್ರ್ಯಾಕ್ಟರ್, ಮೋಟಾರ್ ಸೈಕಲ್ ಮುಂತಾದವುಗಳಲ್ಲಿ ಯಾವುದೂ ಅಲ್ಲದ್ದು ಮೋಟಾರು ಕಾರು. ಆರ್‌ಸಿಯಲ್ಲಿ ಬರೆಯುವ ಆಸನ ಸಾಮರ್ಥ್ಯದಲ್ಲಿ ಚಾಲಕನೂ ಸೇರಿರುತ್ತಾನೆ, ಕಾಯ್ದೆಯ ಲೆಕ್ಕದಲ್ಲಿ ಸೇರುವುದಿಲ್ಲ. ತಮ್ಮ ಆರ್‌ಸಿಯ 8ರಲ್ಲಿ ಚಾಲಕನನ್ನು ಕಳೆದರೆ ಉಳಿಯುವುದು 7. ಆರಕ್ಕಿಂತ ಹೆಚ್ಚಾದ್ದರಿಂದ ಇದು ಆಮ್ನಿಬಸ್. ಆದ್ದರಿಂದ ನೋಡಬೇಕಾದ ತೂಕ 9,600 ಕೆ.ಜಿ., ಅದು 7,500ನ್ನು ಮೀರುತ್ತದೆ. ತಮ್ಮ ಮತ್ತು ಅಣ್ಣನವರ ಎಲ್‌ಎಂವಿ ಪರವಾನಗಿಯಲ್ಲಿ ಈ ವಾಹನವನ್ನು ಓಡಿಸಲು ಬರುವುದಿಲ್ಲ. ಲಾರಿ ಚಾಲಕ ಹೇಳಿದ್ದೇ ಸರಿ.

ಇದೇ ಬಂಡಿಗೆ ಆರ್‌ಸಿಯಲ್ಲಿ 7 ಆಸನ ಎಂದಿದ್ದರೆ ಕಾಯ್ದೆಯ ಅಕ್ಷರಶಃ ಓದಿನಲ್ಲಿ ಅದು ಮೋಟಾರು ಕಾರಾಗುತ್ತಿತ್ತು. ಖಾಲಿ ತೂಕ 7,150 ಇರುವುದರಿಂದ ಎಲ್‌ಎಂವಿಯೊಳಗೂ ಬರುತ್ತಿತ್ತು. ಒಂದೇ ಆಸನಕ್ಕೆ ಇಷ್ಟು ವ್ಯತ್ಯಾಸವೇ ಎಂದು ಅನ್ನಿಸಬಹುದು. ಕ್ಯಾರವಾನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ವಿವರಣೆಗಳಲ್ಲ ಇವು, ಆದ್ದರಿಂದ ಹೀಗಾಗುತ್ತದೆ.

ಬಿಳಿ ಬೋರ್ಡ್ ಎಂಬ ಮಾತು ಎಲ್ಲಿಂದ ಬಂತೆಂದೂ ಹೇಳಿಬಿಡುತ್ತೇನೆ. ಯಾವ ಯಾವ ವಾಹನ ಸಾರಿಗೆ ವರ್ಗಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬ ಪಟ್ಟಿಯನ್ನು ಕೇಂದ್ರ ಸರ್ಕಾರ 2004ರ ನವೆಂಬರ್ 5ರ ಅಧಿಸೂಚನೆಯಲ್ಲಿ ಪ್ರಕಟಿಸಿದೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅದರಲ್ಲಿ ಸಾರಿಗೇತರ ಪಟ್ಟಿಯಲ್ಲಿದೆ, ಬಾಡಿಗೆಗೆ ಓಡುವ ಕ್ಯಾಂಪರ್ ವ್ಯಾನ್ ಸಾರಿಗೆ ಪಟ್ಟಿಯಲ್ಲಿದೆ. ತೆರಿಗೆ, ರಹದಾರಿ, ಎಫ್‌ಸಿ ಇವುಗಳ ಮಟ್ಟಿಗೆ ಅದು ದೊಡ್ಡ ಅನುಕೂಲವೇ ಸರಿ. ಆದರೆ ಅದರಿಂದ ತೂಕ ಕಡಿಮೆಯಾಗುವುದಿಲ್ಲ. ಮುಂದೆ ಗಿರಣಿಯ ಸಿಬ್ಬಂದಿಯನ್ನೋ ಗ್ರಾಹಕರನ್ನೋ ವ್ಯಾಪಾರದ ಕೆಲಸಕ್ಕೆ ಇದರಲ್ಲಿ ಕರೆದೊಯ್ಯುವುದು ರೂಢಿಯಾದರೆ ಇದು ಖಾಸಗಿ ಸೇವಾ ವಾಹನವಾಗಿ ಸಾರಿಗೆ ವರ್ಗಕ್ಕೇ ಹೋಗುತ್ತದೆ ಎಂಬುದೂ ಗಮನದಲ್ಲಿರಲಿ.

ಇನ್ನು ಬೇಕಾದ ಪರವಾನಗಿ ಯಾವುದು? 1994ರ ತಿದ್ದುಪಡಿಗೆ ಮೊದಲು ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರಿ ಸರಕು, ಭಾರಿ ಪ್ರಯಾಣಿಕ ಎಂಬ ನಾಲ್ಕು ವರ್ಗಗಳಿದ್ದವು. ಅವೆಲ್ಲವನ್ನೂ ತೆಗೆದು 10ನೇ ಕಲಮಿನಲ್ಲಿ "ಸಾರಿಗೆ ವಾಹನ" ಎಂಬ ಒಂದೇ ವರ್ಗ ಮಾಡಿದರು. ಇದರಿಂದ 7,500 ಕೆ.ಜಿ. ಮೀರಿದ, ಆದರೆ ಸಾರಿಗೆ ವಾಹನವಲ್ಲದ ತಮ್ಮಂಥವರ ಬಂಡಿಗೆ ಕಾಯ್ದೆಯಲ್ಲಿ ಹೇಳಿ ಮಾಡಿಸಿದ ವರ್ಗವೇ ಇಲ್ಲದಂತಾಗಿದೆ. "ನಿರ್ದಿಷ್ಟ ವಿವರಣೆಯ ಮೋಟಾರು ವಾಹನ" ಎಂಬ ಕೊನೆಯ ವರ್ಗದ ಅಡಿಯಲ್ಲಿ ಕೇಳಬಹುದೆಂದು ವಾದಿಸುವವರಿದ್ದಾರೆ. ನನ್ನ ಸಲಹೆ ಕೇಳಿದರೆ ಆ ಗೋಜಿಗೆ ಹೋಗದೆ ಭಾರಿ ವಾಹನದ ಮೇಲೆ ಪರೀಕ್ಷೆ ಕೊಟ್ಟು ಸಾರಿಗೆ ವಾಹನದ ಅನುಮತಿಯನ್ನು ಡಿಎಲ್‌ಗೆ ಸೇರಿಸಿಕೊಳ್ಳಿ. ಮಾರ್ಗದಲ್ಲಿ ತಡೆದು ನೋಡುವ ಯಾವ ಅಧಿಕಾರಿಯೂ, ಆಮೇಲೆ ಯಾವ ವಿಮಾ ಕಂಪನಿಯೂ ಅದನ್ನು ಪ್ರಶ್ನಿಸುವಂತಿಲ್ಲ.

ಸಾರಿಗೆ ವಾಹನದ ಕಲಿಕಾ ಪರವಾನಗಿಗೆ ಮೊದಲು ಕನಿಷ್ಠ ಒಂದು ವರ್ಷ ಎಲ್‌ಎಂವಿ ಇರಬೇಕು, ಅದು ತಮ್ಮಿಬ್ಬರಿಗೂ ಇದೆ. ವಯಸ್ಸು ಕನಿಷ್ಠ 20 ಆಗಿರಬೇಕು. ಆದ್ದರಿಂದ ಮಗ ಸದ್ಯಕ್ಕೆ ಪಕ್ಕದ ಸೀಟಿನಲ್ಲಿ ಕುಳಿತು ದಾರಿ ತೋರಿಸಲಿ. ನಮೂನೆ 1ಎಯಲ್ಲಿ ವೈದ್ಯರ ಪ್ರಮಾಣಪತ್ರ, ಚಾಲನಾ ತರಬೇತಿ ಶಾಲೆಯ ನಮೂನೆ 5 ಬೇಕು. ಎಲ್‌ಎಲ್ ಆದ ಮೇಲೆ 30 ದಿನ ಕಳೆಯಬೇಕು, ಅದರ ಅವಧಿ 6 ತಿಂಗಳು. ಎಂಟನೇ ತರಗತಿ ಪಾಸಾಗಿರಬೇಕೆಂಬ ಹಳೆಯ ಷರತ್ತನ್ನು 2019ರಲ್ಲಿ ಕೈಬಿಟ್ಟಿದ್ದಾರೆ. ಸಾರಿಗೆ ಅನುಮತಿಯ ಅವಧಿ 5 ವರ್ಷ. ಕಾರ್ಡಿನಲ್ಲಿ ಎನ್‌ಟಿ (ಸಾರಿಗೇತರ) ಮತ್ತು ಟಿಆರ್ (ಸಾರಿಗೆ) ಎಂದು ಎರಡು ಬೇರೆ ಬೇರೆ ಮುಕ್ತಾಯ ದಿನಾಂಕಗಳು ಮುದ್ರಿತವಾಗಿರುತ್ತವೆ, ಕಾರಿನ ದಿನಾಂಕ ನೋಡಿಕೊಂಡು ಇನ್ನೂ ಕಾಲವಿದೆ ಎಂದು ಸುಮ್ಮನಿರುವವರೇ ಹೆಚ್ಚು. ಅಣ್ಣನವರು 55 ದಾಟಿರುವುದರಿಂದ ಮುಂದಿನ ನವೀಕರಣದಲ್ಲಿ ಎಲ್‌ಎಂವಿಗೂ 5 ವರ್ಷವೇ ಸಿಗುತ್ತದೆ.


ಕೋಟೆ ವಕೀಲ, ಚಿತ್ರದುರ್ಗ:

ಹಿರಿಯರು ಹೇಳಿದ್ದನ್ನು ಒಪ್ಪುತ್ತಲೇ ಒಂದು ಮಾತನ್ನು ಸೇರಿಸಬಯಸುತ್ತೇನೆ, ಏಕೆಂದರೆ ಮಧ್ಯವರ್ತಿಗಳು ಈಚೆಗೆ ಸುಪ್ರೀಂ ಕೋರ್ಟಿನ ಹೆಸರನ್ನೂ ತರುತ್ತಿದ್ದಾರೆ. ಮುಕುಂದ್ ದೇವಾಂಗನ್ ಪ್ರಕರಣದ 2017ರ ತೀರ್ಪನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿಯಿತು. ಎಲ್‌ಎಂವಿ ಪರವಾನಗಿ ಇದ್ದವನು ಪ್ರತ್ಯೇಕ ಅನುಮತಿಯಿಲ್ಲದೆಯೂ ಸಾರಿಗೆ ವಾಹನ ಓಡಿಸಬಹುದು ಎಂಬಷ್ಟನ್ನೇ ಜನ ನೆನಪಿಟ್ಟುಕೊಂಡಿದ್ದಾರೆ. ಆ ವಾಹನದ ಒಟ್ಟು ತೂಕ 7,500 ಕೆ.ಜಿ.ಯೊಳಗಿರಬೇಕು ಎಂಬ ಉಳಿದರ್ಧವನ್ನು ಬಿಟ್ಟುಬಿಡುತ್ತಾರೆ. ತಮ್ಮ 9,600 ಕೆ.ಜಿ.ಯ ಬಂಡಿಗೆ ಆ ತೀರ್ಪಿನಿಂದ ಯಾವ ಪ್ರಯೋಜನವೂ ಇಲ್ಲ. ಸಣ್ಣ ವ್ಯಾನಿನ ಮೇಲೆ ಕಟ್ಟಿದ ಕ್ಯಾರವಾನ್ ಆಗಿದ್ದರೆ ಬಾಡಿಗೆಯ ಹಳದಿ ಬೋರ್ಡ್ ಇದ್ದರೂ ಕಾರಿನ ಡಿಎಲ್ ನಡೆಯುತ್ತಿತ್ತು.

ದಂಡದ ವಿಷಯ ಚಿಕ್ಕದು. ತಕ್ಕ ಪರವಾನಗಿಯಿಲ್ಲದೆ ಓಡಿಸಿದವರಿಗೆ 181ನೇ ಕಲಮಿನಲ್ಲಿ 5,000 ರೂಪಾಯಿ, ಓಡಿಸಲು ಬಿಟ್ಟ ಮಾಲೀಕರಿಗೆ 180ನೇ ಕಲಮಿನಲ್ಲಿ ಮತ್ತೆ 5,000. ಅಣ್ಣ ಮಾಲೀಕರು, ತಮ್ಮ ಚಾಲಕ ಎಂದಾದರೆ ಎರಡೂ ಒಂದೇ ಮನೆಯಿಂದ ಹೋಗುತ್ತವೆ. ಮೂರು ತಿಂಗಳವರೆಗಿನ ಸೆರೆವಾಸಕ್ಕೂ ಈ ಕಲಮುಗಳಲ್ಲಿ ಅವಕಾಶವಿದೆ.

ನಿಜವಾದ ಹೊರೆ ವಿಮೆಯದು. ಅಪಘಾತದಲ್ಲಿ ಮೂರನೆಯವರಿಗೆ ಪೆಟ್ಟಾದರೆ, ಚಾಲಕನಿಗೆ ಆ ವರ್ಗದ ಪರವಾನಗಿ ಇರಲಿಲ್ಲ ಎಂಬುದು ವಿಮಾ ಕಂಪನಿಗೆ ಕಾಯ್ದೆಯೇ ಕೊಟ್ಟಿರುವ ಪ್ರತಿವಾದ. ಸ್ವರಣ್ ಸಿಂಗ್ ಪ್ರಕರಣದ 2004ರ ತೀರ್ಪಿನ ನಂತರ ನ್ಯಾಯಮಂಡಳಿಗಳು ಇಂಥಲ್ಲಿ ಸಾಮಾನ್ಯವಾಗಿ, ಮೊದಲು ಕಂಪನಿ ಸಂತ್ರಸ್ತರಿಗೆ ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುತ್ತವೆ. ಗಾಯಗೊಂಡವರಿಗೆ ನ್ಯಾಯ ಸಿಗುತ್ತದೆ. ಆದರೆ ಆ ಇಡೀ ಮೊತ್ತ ಬಡ್ಡಿಸಮೇತ ತಮ್ಮ ಗಿರಣಿಯ ಬಾಗಿಲಿಗೆ ಬರುತ್ತದೆ. ಸ್ವಂತ ಬಂಡಿಗೆ ಆದ ಹಾನಿಯ ಕ್ಲೇಮಂತೂ ಮೊದಲ ಪತ್ರದಲ್ಲಿಯೇ ತಿರಸ್ಕೃತವಾಗುತ್ತದೆ ಎಂದು ಎಣಿಸಿಕೊಳ್ಳುವುದು ಒಳ್ಳೆಯದು.


ಬೆಣ್ಣೆನಗರಿಗ, ದಾವಣಗೆರೆ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆಸನದ ಲೆಕ್ಕ ಹೀಗಿದೆ ಎಂದು ಮಧ್ಯವರ್ತಿಗೆ ಫೋನಿನಲ್ಲಿ ತಿಳಿಸಿದಾಗ, "ಅದಕ್ಕೇನಂತೆ, ಹಿಂದಿನ ಒಂದು ಸೀಟು ಬಿಚ್ಚಿ ಕೊಡುತ್ತೇವೆ, ಆಗ ಕಾರಾಯಿತಲ್ಲ" ಎಂದರು. ಹಾಗೆ ಮಾಡಲು ಸಾಧ್ಯವೇ?


ನಿವೃತ್ತ ಇನ್‌ಸ್ಪೆಕ್ಟರ್, ಚಿತ್ರದುರ್ಗ:

ಸ್ಪ್ಯಾನರ್ ಹಿಡಿದು ಸೀಟು ಬಿಚ್ಚಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಆರ್‌ಸಿಯಲ್ಲಿ 8 ಇರುವವರೆಗೆ ಅದು ಎಂಟು ಆಸನದ ಬಂಡಿಯೇ. 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ಆರ್‌ಸಿಯ ವಿವರಗಳಿಗೂ ಭಿನ್ನತೆ ಬರುವಂಥ ಮಾರ್ಪಾಡನ್ನು ಮಾಲೀಕರು ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡವನ್ನು ಸೇರಿಸಿದ್ದಾರೆ. ಅನುಮತಿ ಪಡೆದು ಆರ್‌ಸಿಯನ್ನೇ ತಿದ್ದಿಸಿದ ಮೇಲೆ ಮಾರುವುದಾದರೆ ಅದು ಬೇರೆ ಮಾತು, ಆ ಹೊಣೆ ಮಾರುವವರ ಮೇಲಿರಲಿ, ತಿದ್ದಿದ ಆರ್‌ಸಿ ಕೈಗೆ ಬಂದ ಮೇಲೆ ಮಾತ್ರ ಹಣ ಕೊಡಿ.

ಈ ಮಾತಿನಿಂದ ನನಗೆ ಇನ್ನೊಂದು ಅನುಮಾನ ಹುಟ್ಟಿದೆ. ಇದು ಹುಟ್ಟುವಾಗಲೇ ಕ್ಯಾರವಾನ್ ಆಗಿತ್ತೇ, ಅಥವಾ ಓಡಿ ಸವೆದ ಬಸ್ಸನ್ನು ಆಮೇಲೆ ಮನೆ ಮಾಡಿದರೇ? ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಅದರಂತೆ ಪರೀಕ್ಷಾ ಸಂಸ್ಥೆಯಿಂದ ಪ್ರಮಾಣೀಕರಣವಾಗಿರಬೇಕು. ಆ ಪ್ರಮಾಣಪತ್ರದ ಪ್ರತಿಯನ್ನೂ ಮೊದಲ ನೋಂದಣಿಯ ದಿನಾಂಕವನ್ನೂ ತರಿಸಿ ನೋಡಿ. ಒಳಗಿನ ಗ್ಯಾಸ್ ಸಿಲಿಂಡರ್, ವಿದ್ಯುತ್ ಜೋಡಣೆ ಇವೆಲ್ಲ ಯಾರದೋ ಶೆಡ್ಡಿನಲ್ಲಿ ಆಗಿದ್ದರೆ ಪರವಾನಗಿಯ ಪ್ರಶ್ನೆಗಿಂತ ಮೊದಲು ತಾಯಿಯವರ ಸುರಕ್ಷತೆಯ ಪ್ರಶ್ನೆ ಬರುತ್ತದೆ.


ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ದಾವಣಗೆರೆ:

ಕಾಯ್ದೆಯ ಭಾಗ ಸ್ಪಷ್ಟವಾಗಿ ಬಂದಿದೆ. ಭಾರಿ ವಾಹನ ಕಲಿಸುವವನಾಗಿ ನಾನು ಚಾಲನೆಯ ಕಡೆಯಿಂದ ಕೆಲವು ಮಾತು ಬರೆಯುತ್ತೇನೆ. ವರ್ಷಗಟ್ಟಲೆ ಕಾರು ಓಡಿಸಿದವರು ಭಾರಿ ವಾಹನದ ತರಬೇತಿಗೆ ಬಂದಾಗ, ಏನೂ ಗೊತ್ತಿಲ್ಲದ ಹುಡುಗರಿಗಿಂತ ಅವರಿಗೆ ಕಲಿಸುವುದೇ ಕಷ್ಟವಾಗುತ್ತದೆ.

ಮೊದಲನೆಯದು ಗಾಳಿಯ ಬ್ರೇಕು. ಬಸ್ ಚಾಸಿಯ ಬಂಡಿಯಲ್ಲಿ ಬ್ರೇಕ್ ಹಿಡಿಯುವುದು ಟ್ಯಾಂಕಿನಲ್ಲಿ ತುಂಬಿದ ಗಾಳಿಯ ಒತ್ತಡದಿಂದ. ಎಂಜಿನ್ ಚಾಲೂ ಮಾಡಿದ ಕೂಡಲೇ ಹೊರಡುವಂತಿಲ್ಲ. ಡ್ಯಾಶ್‌ಬೋರ್ಡಿನ ಎರಡು ಗಾಳಿ ಮುಳ್ಳುಗಳೂ ಮೇಲೇರಿ, ಎಚ್ಚರಿಕೆಯ ಬಝರ್ ನಿಲ್ಲುವವರೆಗೆ ಕಾಯಬೇಕು. ಸಾಮಾನ್ಯವಾಗಿ 8 ಬಾರ್ ಹತ್ತಿರಕ್ಕೆ ಬಂದ ಮೇಲೆ ಹೊರಡುವುದು ನಮ್ಮಲ್ಲಿ ಪದ್ಧತಿ. ಗಾಳಿ ತೀರಾ ಇಳಿದರೆ ಹಿಂದಿನ ಚಕ್ರಗಳ ಸ್ಪ್ರಿಂಗ್ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ, ಬಂಡಿ ನಿಂತಲ್ಲಿಂದ ಅಲುಗುವುದಿಲ್ಲ. ಇಳಿಜಾರಿನಲ್ಲಿ ಕಾರಿನವರ ಹಾಗೆ ಪೆಡಲನ್ನು ಒತ್ತುತ್ತ ಬಿಡುತ್ತ ಬಂದರೆ ಗಾಳಿ ಖರ್ಚಾಗುತ್ತದೆ, ಡ್ರಮ್ಮು ಕಾಯುತ್ತದೆ. ಅಲ್ಲಿ ಗೇರು ಇಳಿಸಿ ಎಂಜಿನ್ನಿನ ಹಿಡಿತದಲ್ಲಿ, ಇದ್ದರೆ ಎಗ್ಸಾಸ್ಟ್ ಬ್ರೇಕ್ ಹಾಕಿಕೊಂಡು ಬರಬೇಕು. ಉಳವಿಯ ದಾರಿಯ ಘಟ್ಟದಲ್ಲಿ ಮತ್ತು ಶ್ರೀಶೈಲದ ಕಾಡಿನ ತಿರುವುಗಳಲ್ಲಿ ತಮಗೆ ಬೇಕಾಗುವುದು ಇದೇ ವಿದ್ಯೆ.

ಎರಡನೆಯದು ಹಿಂಬದಿಯ ಬೀಸು. ಹಿಂದಿನ ಚಕ್ರದಿಂದ ಆಚೆಗೆ ಚಾಚಿಕೊಂಡಿರುವ ಭಾಗ, ತಾವು ಬಲಕ್ಕೆ ತಿರುಗಿದಾಗ ಎಡಕ್ಕೆ ಬೀಸುತ್ತದೆ. ಕ್ಯಾರವಾನ್‌ಗಳಲ್ಲಿ ಅದೇ ಮೂಲೆಯಲ್ಲಿ ಶೌಚಾಲಯವೋ ಸಾಮಾನಿನ ಪೆಟ್ಟಿಗೆಯೋ ಇರುತ್ತದೆ. ನಮ್ಮ ಪಿ.ಬಿ. ರಸ್ತೆಯಲ್ಲಿ ಸಂಜೆ ಹೊತ್ತು ತಿರುವಿನ ಎಡಬದಿಯಲ್ಲಿ ತಳ್ಳುಗಾಡಿ, ಆಟೋ, ದ್ವಿಚಕ್ರ ವಾಹನ ಎಲ್ಲವೂ ಒತ್ತಿಕೊಂಡು ನಿಂತಿರುತ್ತವೆ, ಬೀಸಿದ ಮೂಲೆ ಯಾರಿಗೆ ತಗುಲಿತೆಂದು ಚಾಲಕನಿಗೆ ತಿಳಿಯುವುದೇ ಇಲ್ಲ. ಎತ್ತರದ ಬಗ್ಗೆಯೂ ಹೇಳಬೇಕು. ಛಾವಣಿಯ ಮೇಲೆ ಏಸಿ, ಸೋಲಾರ್ ಫಲಕ ಕೂಡಿಸಿದ ಮೇಲೆ ನಿಜವಾದ ಎತ್ತರ ಎಷ್ಟೆಂದು ಟೇಪು ಹಿಡಿದು ಅಳೆದು ಸ್ಟೇರಿಂಗಿನ ಎದುರಿಗೆ ಒಂದು ಚೀಟಿ ಅಂಟಿಸಿಕೊಳ್ಳಿ. ರೈಲ್ವೆ ಕೆಳಸೇತುವೆಗಳ ಮುಂದೆ ಹಾಕಿರುವ ಕಬ್ಬಿಣದ ಅಡ್ಡಪಟ್ಟಿಯ ಕೆಳಗೆ ಬಂಡಿ ಹೋದೀತೇ ಇಲ್ಲವೇ ಎಂದು ಅಲ್ಲಿಗೆ ಹೋದ ಮೇಲೆ ಯೋಚಿಸುವುದು ತರವಲ್ಲ, ಹಿಂದೆ ನಿಂತ ಸಾಲು ಹಿಂದಕ್ಕೆ ಬರಲು ಬಿಡುವುದಿಲ್ಲ.

ತೂಕವೂ ಹಾಗೆಯೇ. ತಮ್ಮ ಅಂಕಿಗಳ ಪ್ರಕಾರ ಜನ ಮತ್ತು ಸಾಮಾನು ಸೇರಿ ಏರಿಸಬಹುದಾದದ್ದು 2,450 ಕೆ.ಜಿ. ಇದು ಧಾರಾಳವಾಗಿಯೇ ಇದೆ. ಆದರೆ 300 ಲೀಟರ್ ನೀರಿನ ಟ್ಯಾಂಕ್ ತುಂಬಿಸಿದರೆ ಅದೇ 300 ಕೆ.ಜಿ., ಬಳಸಿದ ಕೊಳಚೆ ನೀರಿನ ಟ್ಯಾಂಕ್ ಬೇರೆ, ಜನರೇಟರ್ ಬೇರೆ. ಊರಿನಿಂದ ಅಕ್ಕಿ ಮೂಟೆ ಹಾಕಿಕೊಂಡು ಹೊರಡುವ ಅಭ್ಯಾಸ ನಮ್ಮ ಕಡೆಯವರಿಗೆ ಇದ್ದೇ ಇದೆ. ಎಲ್ಲ ತುಂಬಿದ ಮೇಲೆ ಗಿರಣಿಯ ವೇಬ್ರಿಡ್ಜಿನ ಮೇಲೆ ಒಮ್ಮೆ ನಿಲ್ಲಿಸಿ ನೋಡಿ, ಆ ಸೌಕರ್ಯ ತಮ್ಮ ಬಳಿ ಇದ್ದರೆ. ಮಿತಿ ಮೀರಿದ ತೂಕಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಕಲಿಯುವ ಅವಧಿಯಲ್ಲಿ ಪಕ್ಕದಲ್ಲಿ ಅದೇ ವರ್ಗದ ಪರವಾನಗಿ ಇರುವ ಬೋಧಕ ಕುಳಿತಿರಲೇಬೇಕು, ಮುಂದೆ ಹಿಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು "ಎಲ್" ಇರಬೇಕು. ಗಿರಣಿಯ ಚಾಲಕನನ್ನು ಕೂರಿಸಿಕೊಂಡು ತಮ್ಮದೇ ಲಾರಿಯಲ್ಲಿ ಖಾಲಿ ಮೈದಾನದಲ್ಲಿ ಹಿಂದಕ್ಕೆ ತೆಗೆಯುವ ಅಭ್ಯಾಸ ಮಾಡಿಕೊಳ್ಳಿ. ಕನ್ನಡಿಗಳನ್ನಷ್ಟೇ ನಂಬಿ ಹಿಂದಕ್ಕೆ ಬರಲು ಕಲಿತವರು ಪರೀಕ್ಷೆಯಲ್ಲಿ ಹೆದರುವುದಿಲ್ಲ.


ಬಿಐಇಟಿ ಹಳೆಯ ವಿದ್ಯಾರ್ಥಿ, ಟೆಕ್ಸಾಸ್:

ದಾವಣಗೆರೆಯವನೇ ಆದ್ದರಿಂದ ಈ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಅಮೆರಿಕದ ಭಾಗಕ್ಕೆ ನಾನು ಉತ್ತರಿಸುತ್ತೇನೆ.

ಮಧ್ಯವರ್ತಿ ಹೇಳಿದ್ದು ಇಲ್ಲಿನ ಮಟ್ಟಿಗೂ ಅರ್ಧ ಮಾತ್ರ ನಿಜ. ಇಲ್ಲಿ ಸಿಡಿಎಲ್ ಎಂದು ಕರೆಯುವ ವಾಣಿಜ್ಯ ಚಾಲನಾ ಪರವಾನಗಿ 26,001 ಪೌಂಡ್, ಅಂದರೆ ಸುಮಾರು 11,794 ಕೆ.ಜಿ. ಹಾಗೂ ಅದಕ್ಕೂ ಮೇಲಿನ ವಾಣಿಜ್ಯ ವಾಹನಗಳಿಗೆ ಬೇಕು. ಸ್ವಂತ ಪ್ರವಾಸಕ್ಕೆ ಬಳಸುವ ಮೋಟಾರ್‌ಹೋಮ್ ವಾಣಿಜ್ಯ ವಾಹನವಲ್ಲವಾದ್ದರಿಂದ ಸಿಡಿಎಲ್ ಬೇಡ. ವಿಡಿಯೊಗಳಲ್ಲಿ ಹೇಳುವುದು ಇಷ್ಟನ್ನೇ. ಆದರೆ ಸಿಡಿಎಲ್ ಬೇಡ ಎಂದ ಮಾತ್ರಕ್ಕೆ ಕಾರಿನ ಲೈಸೆನ್ಸ್ ಸಾಕು ಎಂದಾಗುವುದಿಲ್ಲ, ಅದನ್ನು ಆಯಾ ರಾಜ್ಯ ತೀರ್ಮಾನಿಸುತ್ತದೆ. ಟೆಕ್ಸಾಸಿನಲ್ಲಿ ಸಾಮಾನ್ಯ ಕ್ಲಾಸ್ ಸಿ ಪರವಾನಗಿ 26,001 ಪೌಂಡಿಗಿಂತ ಕಡಿಮೆಯ ವಾಹನಗಳಿಗೆ ಮಾತ್ರ. ಅದಕ್ಕೂ ಮೇಲಿನ ಒಂಟಿ ವಾಹನಕ್ಕೆ ವಾಣಿಜ್ಯೇತರ ಕ್ಲಾಸ್ ಬಿ ಬೇಕು, ಅದಕ್ಕೆ ಬರವಣಿಗೆಯ ಪರೀಕ್ಷೆಯೂ ಆ ವರ್ಗದ ವಾಹನದಲ್ಲಿಯೇ ಚಾಲನಾ ಪರೀಕ್ಷೆಯೂ ಉಂಟು. ಕ್ಯಾಲಿಫೋರ್ನಿಯಾದಲ್ಲಿ ಉದ್ದವೂ ಲೆಕ್ಕಕ್ಕೆ ಬರುತ್ತದೆ. 40 ಅಡಿವರೆಗಿನ ಮೋಟಾರ್‌ಹೋಮ್‌ಗೆ ಕ್ಲಾಸ್ ಸಿ ಸಾಕು, 40 ದಾಟಿ 45 ಅಡಿವರೆಗಿನದಕ್ಕೆ ವಾಣಿಜ್ಯೇತರ ಕ್ಲಾಸ್ ಬಿ ಬೇಕು. ಫ್ಲಾರಿಡಾದಂಥ ರಾಜ್ಯಗಳು ಮೋಟಾರ್‌ಹೋಮ್‌ಗಳಿಗೆ ವಿನಾಯಿತಿ ಕೊಟ್ಟಿವೆ. ಹೀಗಾಗಿ ಒಂದು ರಾಜ್ಯದವರು ಮಾಡಿದ ವಿಡಿಯೊ ಪಕ್ಕದ ರಾಜ್ಯಕ್ಕೇ ಅನ್ವಯಿಸದಿರುವಾಗ ದಾವಣಗೆರೆಗೆ ಅನ್ವಯಿಸುವ ಮಾತೆಲ್ಲಿ. ಮಾರಾಟಗಾರರು ಮೋಟಾರ್‌ಹೋಮ್‌ಗಳನ್ನೂ ಕ್ಲಾಸ್ ಎ, ಬಿ, ಸಿ ಎಂದೇ ಕರೆಯುತ್ತಾರೆ. ಅದು ಬಂಡಿಯ ಆಕಾರದ ವಿಂಗಡಣೆ, ಪರವಾನಗಿಯ ವರ್ಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಣ್ಣನವರ ವಿಷಯಕ್ಕೆ ಬಂದರೆ, ಇಲ್ಲಿ ಬಾಡಿಗೆಗೆ ಸಿಗುವ ಮೋಟಾರ್‌ಹೋಮ್‌ಗಳಲ್ಲಿ ಹೆಚ್ಚಿನವು ಕಾರಿನ ಪರವಾನಗಿಯ ಮಿತಿಯೊಳಗೇ ಇರುತ್ತವೆ. ಕಾರಿನ ಡಿಎಲ್ ಇದ್ದ ಪ್ರವಾಸಿಗರನ್ನೇ ನೆಚ್ಚಿದ ವ್ಯಾಪಾರವದು. ಊರಿನಿಂದ ಹೊರಡುವ ಮೊದಲು ಮೂಲ ಡಿಎಲ್ ಜೊತೆಗೆ ಅಂತಾರಾಷ್ಟ್ರೀಯ ಚಾಲನಾ ಅನುಮತಿಯನ್ನು ಆರ್‌ಟಿಒದಿಂದ ಪಡೆದುಕೊಳ್ಳಲಿ. ಅರ್ಜಿಯ ನಮೂನೆ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಬೇಕಾಗುತ್ತದೆ. ಇದು ಅವರ ಮೂಲ ಪರವಾನಗಿಯಲ್ಲಿ ಇರುವ ವರ್ಗಗಳನ್ನು ಹೊರದೇಶದವರಿಗೆ ತಿಳಿಯುವಂತೆ ತೋರಿಸುವ ಪುಸ್ತಕವಷ್ಟೇ, ಹೊಸ ವರ್ಗವನ್ನೇನೂ ಕೊಡುವುದಿಲ್ಲ. ಮೂಲ ಡಿಎಲ್ ಜೊತೆಗಿಲ್ಲದಿದ್ದರೆ ಪುಸ್ತಕಕ್ಕೆ ಬೆಲೆಯಿಲ್ಲ. ಬಂಡಿ ಕಾಯ್ದಿರಿಸುವ ಮೊದಲು ಅದರ ಒಟ್ಟು ತೂಕ ಎಷ್ಟು ಪೌಂಡ್, ಭಾರತದ ಡಿಎಲ್ ಇದ್ದವರನ್ನು ಚಾಲಕರೆಂದು ಒಪ್ಪುತ್ತಾರೆಯೇ ಎಂಬುದನ್ನು ಬಾಡಿಗೆಯವರಿಂದ ಇಮೇಲಿನಲ್ಲಿ ಬರೆಸಿಕೊಳ್ಳಲಿ. ಎಡಬದಿಯ ಸ್ಟೇರಿಂಗಿಗೆ ಒಂದೆರಡು ದಿನ ಸಣ್ಣ ಕಾರಿನಲ್ಲಿ ಕೈ ಪಳಗಿಸಿಕೊಂಡ ಮೇಲೆ ದೊಡ್ಡದನ್ನು ಹಿಡಿಯುವುದು ಕ್ಷೇಮ.


ಜೆಜೆಎಂ ಬ್ಯಾಚಿನ ವೈದ್ಯ, ಇಂಗ್ಲೆಂಡ್:

ಹೋಲಿಕೆಗೆ ಇಲ್ಲಿನದನ್ನೂ ತಿಳಿಸುತ್ತೇನೆ. ಬ್ರಿಟನ್ನಿನಲ್ಲಿ ಕಾರಿನ ವರ್ಗವಾದ ಬಿ ಸಾಮಾನ್ಯವಾಗಿ 3,500 ಕೆ.ಜಿ.ವರೆಗೆ ಮಾತ್ರ. ಅಲ್ಲಿಂದ 7,500 ಕೆ.ಜಿ.ವರೆಗೆ ಸಿ1, ಅದಕ್ಕೂ ಮೇಲೆ ಸಿ ವರ್ಗ ಬೇಕು. 1997ರ ಜನವರಿ 1ಕ್ಕೆ ಮೊದಲು ಕಾರಿನ ಪರೀಕ್ಷೆ ಪಾಸಾದವರಿಗೆ ಸಿ1 ತಾನಾಗಿಯೇ ಸಿಕ್ಕಿದೆ. ಅದರಿಂದಾಗಿ ಹಿರಿಯರು ಆರಾಮವಾಗಿ ಓಡಿಸುವ ಬಂಡಿಯನ್ನು ಅವರ ಮಕ್ಕಳು ಇನ್ನೊಂದು ಪರೀಕ್ಷೆ ಕೊಡದೆ ಓಡಿಸುವಂತಿಲ್ಲ. ಆ ಹಿರಿಯರೂ 70 ತುಂಬಿದಾಗ ವೈದ್ಯಕೀಯ ತಪಾಸಣೆಯ ವರದಿ ಕೊಟ್ಟರೆ ಮಾತ್ರ ಸಿ1 ಉಳಿಯುತ್ತದೆ. ಭಾರತದ 7,500ರ ಮಿತಿ ಈ ದೃಷ್ಟಿಯಿಂದ ಬಹಳ ಉದಾರವಾದದ್ದು.

ವೈದ್ಯನಾಗಿ ಒಂದು ಸೂಚನೆ: ನಮೂನೆ 1ಎಯನ್ನು ದಾಖಲೆಗೊಂದು ಸಹಿ ಎಂದು ತಿಳಿಯದೆ ಅಣ್ಣನವರು ಕಣ್ಣು, ರಕ್ತದೊತ್ತಡ, ಸಕ್ಕರೆ ಮೂರನ್ನೂ ನಿಜವಾಗಿ ತೋರಿಸಿಕೊಳ್ಳಲಿ. ಇನ್ಸುಲಿನ್ ತೆಗೆದುಕೊಳ್ಳುವವರಾಗಿದ್ದರೆ ರಾತ್ರಿ ಚಾಲನೆಯನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.


ಬೆಣ್ಣೆನಗರಿಗ, ದಾವಣಗೆರೆ:

ಇಷ್ಟು ವಿವರವಾಗಿ ಬರೆದ ಎಲ್ಲ ಹಿರಿಯರಿಗೂ ವಂದನೆಗಳು. ಎಐಎಸ್-124 ಪ್ರಮಾಣಪತ್ರ ಕೇಳಿದ್ದೇವೆ, ಅದು ಬಾರದೆ ಮುಂಗಡ ಕೊಡುವುದಿಲ್ಲ. ಬಂದರೆ ನಾನು ಹೆವಿ ತರಬೇತಿಗೆ ಸೇರುತ್ತೇನೆ. ಅಣ್ಣನವರು ಓಡಿಸುವ ಆಸೆಯನ್ನು ಟೆಕ್ಸಾಸಿಗೆ ಮೀಸಲಿಟ್ಟಿದ್ದಾರೆ. ನನ್ನ ಡಿಎಲ್ ಆಗುವವರೆಗೆ, ಬಿಡುವಿದ್ದಾಗ ಬರಲು ಒಪ್ಪಿರುವ ಪರಿಚಯದ ಖಾಸಗಿ ಬಸ್ ಚಾಲಕರೊಬ್ಬರನ್ನು ಕರೆದುಕೊಂಡು ಹೋಗಬಹುದೇ? ಬಿಳಿ ಬೋರ್ಡಿನ ವಾಹನಕ್ಕೆ ಸಂಬಳದ ಚಾಲಕನನ್ನು ಇಟ್ಟರೆ ತೊಂದರೆ ಇದೆಯೇ?


ನಿವೃತ್ತ ಇನ್‌ಸ್ಪೆಕ್ಟರ್, ಚಿತ್ರದುರ್ಗ:

ಯಾವ ತೊಂದರೆಯೂ ಇಲ್ಲ. ಸ್ವಂತ ಕಾರಿಗೆ ಚಾಲಕನನ್ನು ಇಟ್ಟುಕೊಂಡಂತೆಯೇ ಇದೂ. ಪ್ರಯಾಣಿಕರಿಂದ ಬಾಡಿಗೆ ಪಡೆಯಬಾರದು, ಅಷ್ಟೇ. ನಮ್ಮ ಜಿಲ್ಲೆಗಳಲ್ಲಿ ಖಾಸಗಿ ಬಸ್ಸು ಓಡಿಸಿ ಪಳಗಿದವರಿಗೆ ಕೊರತೆಯಿಲ್ಲ, ಆದರೆ ಆ ಪರಿಚಯದವರ ಡಿಎಲ್‌ನಲ್ಲಿ ಟಿಆರ್ ದಿನಾಂಕ ಮುಗಿದಿದೆಯೇ ಎಂಬುದನ್ನು ಕಾರ್ಡ್ ನೋಡಿ ಮಾತ್ರವಲ್ಲ, ಅವರ ಎದುರಿಗೇ ಪರಿವಾಹನ್ ಜಾಲತಾಣದಲ್ಲಿ ಸಂಖ್ಯೆ ಹಾಕಿಯೂ ನೋಡಿ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸುವ ದಾಖಲೆಗೆ ಕಾರ್ಡಿನಷ್ಟೇ ಮಾನ್ಯತೆ ಇದೆ. ವಿಮೆ ವರ್ಗಾಯಿಸಿಕೊಳ್ಳುವಾಗ ಸಂಬಳದ ಚಾಲಕನಿಗೂ ರಕ್ಷಣೆ ಇರುವಂತೆ ಹೆಚ್ಚುವರಿ ಕಂತು ಕಟ್ಟಿ. ಮೊತ್ತ ಅಲ್ಪ, ಕೇಳದೇ ಹೋದರೆ ಏಜೆಂಟರು ಹಾಕುವುದಿಲ್ಲ.